ಅಂಗನವಾಡಿ, ಶಿಶುಪಾಲನಾ ಕೇಂದ್ರಗಳಲ್ಲಿ ಸೋಂಕು ತಡೆ

ಮುಂಗಾರಿನ ಮೊದಲ ಮಳೆಯೊಂದಿಗೇ ಅಂಗನವಾಡಿ, ಶಿಶುವಿಹಾರ ಹಾಗೂ ಶಿಶುಪಾಲನಾ ಕೇಂದ್ರಗಳ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚತೊಡಗುತ್ತವೆ. ಸೋಮವಾರ ಒಂದು ಮಗುವಿಗೆ ಬಂದ ನೆಗಡಿ ಶನಿವಾರದ ಹೊತ್ತಿಗೆ ಹತ್ತು ಮಕ್ಕಳ ಮೂಗಿನಲ್ಲಿ ಇಳಿಯುತ್ತಿರುತ್ತದೆ. ಮರುವಾರ ಅದೇ ನೆಗಡಿ ಮನೆಯ ಅಜ್ಜಿಯ ಎದೆಗೆ ಕಫವಾಗಿ ಕಟ್ಟುತ್ತದೆ. ಪುಟ್ಟ ಮಕ್ಕಳು ಗುಂಪಾಗಿ ಸೇರುವ ಸ್ಥಳದಲ್ಲಿ ಇದು ಸಹಜವೇ ಸರಿ. ಆದರೆ ಸಹಜವೆಂದು ಬಿಟ್ಟುಬಿಡಲಾಗದ ವಾಂತಿಭೇದಿ, ದಡಾರ, ಕಾಮಾಲೆ, ನಾಯಿಕೆಮ್ಮಿನಂಥ ರೋಗಗಳೂ ಇದೇ ದಾರಿಯಲ್ಲೇ ಬರುತ್ತವೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದು ಒಂದು ತಾಲ್ಲೂಕಿಗೆ ಸೀಮಿತವಾಗಿದ್ದ ಅಂಗನವಾಡಿಗಳ ಸಂಖ್ಯೆ ರಾಜ್ಯದಲ್ಲೀಗ 65 ಸಾವಿರವನ್ನು ದಾಟಿದೆ. ಇವುಗಳ ಜೊತೆಗೆ ನಗರಗಳ ಖಾಸಗಿ ಶಿಶುವಿಹಾರಗಳು, ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕಾರ್ಮಿಕ ತಾಯಂದಿರ ಮಕ್ಕಳಿಗಾಗಿ ಇರುವ ಶಿಶುಪಾಲನಾ ಕೊಠಡಿಗಳು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ 2023ರಲ್ಲಿ ಆರಂಭಗೊಂಡ ‘ಕೂಸಿನ ಮನೆ’ಗಳು ಸೇರಿಕೊಂಡಿವೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸುವುದನ್ನು ಕಡ್ಡಾಯಗೊಳಿಸಿತು. ಮನೆಯ ಹಿರಿಯರ ಮಡಿಲಲ್ಲಿ ಬೆಳೆಯುತ್ತಿದ್ದ ಮಗು ಈಗ ಒಂದೂವರೆ ವರ್ಷಕ್ಕೇ ಇಪ್ಪತ್ತು ಮಕ್ಕಳ ನಡುವೆ ಕೂರುತ್ತದೆ.

ಮಕ್ಕಳಲ್ಲೇ ಏಕೆ ಹೆಚ್ಚು?

ಹುಟ್ಟುವಾಗ ತಾಯಿಯಿಂದ ಪಡೆದು ಬಂದ ರೋಗನಿರೋಧಕ ಅಂಶಗಳು ಮೊದಲ ವರ್ಷದಲ್ಲೇ ಕ್ಷೀಣಿಸುತ್ತವೆ. ಸ್ವಂತ ಪ್ರತಿರೋಧ ಶಕ್ತಿಯಾದರೋ ಒಂದೊಂದೇ ರೋಗಾಣುವಿನ ಪರಿಚಯವಾದಂತೆ ಬೆಳೆಯಬೇಕು. ಈ ನಡುವಿನ ಅವಧಿಯಲ್ಲಿ ಮಗು ನೆಲದ ಮೇಲೆ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಪಕ್ಕದ ಮಗುವಿನ ಜೊಲ್ಲು ಹತ್ತಿದ ಆಟಿಕೆಯನ್ನೇ ಕಿತ್ತುಕೊಳ್ಳುತ್ತದೆ. ಮಲಮೂತ್ರದ ಮೇಲೆ ಅದಕ್ಕೆ ಹಿಡಿತವಿಲ್ಲ. ಸೀನುವಾಗ ಮೂಗು ಮುಚ್ಚಿಕೊಳ್ಳಬೇಕೆಂಬ ಅರಿವೂ ಇಲ್ಲ.

ಕೆಲವು ರೋಗಾಣುಗಳಿಗೆ ಬೇಕಾದ ಪ್ರಮಾಣವೂ ಅತ್ಯಲ್ಪ. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಹತ್ತರಿಂದ ನೂರರಷ್ಟು ಹೊಟ್ಟೆ ಸೇರಿದರೂ ಸಾಕು, ರೋಗ ಬರಬಹುದು. ಉಗುರಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಕೊಳೆ ಉಳಿದರೂ ಅದರಲ್ಲಿ ಇದಕ್ಕಿಂತ ಹೆಚ್ಚು ರೋಗಾಣುಗಳಿರುತ್ತವೆ. ಹಾಗೆಂದು ಶಿಶುಪಾಲನಾ ಕೇಂದ್ರಕ್ಕೆ ಮಗುವನ್ನು ಕಳುಹಿಸುವುದೇ ತಪ್ಪೆಂದು ತಿಳಿಯಬೇಕಾಗಿಲ್ಲ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಾಮಾನ್ಯ. ಅಮೆರಿಕದ ಟೂಸಾನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದ 13 ವರ್ಷದವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಶಿಶುಪಾಲನಾ ಕೇಂದ್ರಗಳಿಗೆ ಹೋದವರು ಎರಡನೇ ವಯಸ್ಸಿನಲ್ಲಿ ಹೆಚ್ಚು ನೆಗಡಿ ಅನುಭವಿಸಿದರೂ ಶಾಲೆಗೆ ಹೋಗುವ ವಯಸ್ಸಿನಲ್ಲಿ ಉಳಿದವರಿಗಿಂತ ಕಡಿಮೆ ಬಳಲಿದ್ದು ಕಂಡುಬಂತು. ತಡೆಗಟ್ಟಬೇಕಾದುದು ಪ್ರತಿಯೊಂದು ಸೀನನ್ನೂ ಅಲ್ಲ. ಮಗುವನ್ನು ಆಸ್ಪತ್ರೆಗೆ ಸೇರಿಸುವ ರೋಗಗಳನ್ನು.

ಲಕ್ಷಣ ಕಾಣುವ ಮುನ್ನವೇ

ಈ ವಿಷಯದಲ್ಲಿ ಪೋಷಕರಲ್ಲೂ ಕಾರ್ಯಕರ್ತೆಯರಲ್ಲೂ ಬೇರೂರಿರುವ ಒಂದು ತಪ್ಪು ಕಲ್ಪನೆಯೆಂದರೆ, ಕಾಯಿಲೆಯ ಮಗುವನ್ನು ದೂರವಿಟ್ಟರೆ ಸೋಂಕು ನಿಲ್ಲುತ್ತದೆ ಎಂಬುದು. ದಡಾರದ ಮಗು ಮೈಮೇಲೆ ಗಂಧೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ರೋಗ ಹರಡಲಾರಂಭಿಸುತ್ತದೆ. ಚಿಕನ್‌ಪಾಕ್ಸ್ ಎಂದೇ ಪರಿಚಿತವಾದ ಸೀತಾಳ ಸಿಡುಬು ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತದೆ. ಹೆಪಟೈಟಿಸ್ ಎ ವೈರಾಣುವಿನ ಕಾಮಾಲೆಯದಂತೂ ವಿಚಿತ್ರ ನಡೆ. ಆರು ವರ್ಷದೊಳಗಿನ ಬಹುಪಾಲು ಮಕ್ಕಳಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ಮಗು ಆಡಿಕೊಂಡಿರುತ್ತದೆ, ಅದರ ಮಲದಲ್ಲಿ ವೈರಾಣು ಹೊರಬೀಳುತ್ತಿರುತ್ತದೆ, ಕಾಯಿಲೆ ಬೀಳುವವರು ಅದರ ಲಂಗೋಟಿ ಬದಲಿಸಿದ ಸಹಾಯಕಿಯೋ ಮನೆಯ ಹಿರಿಯರೋ ಆಗಿರುತ್ತಾರೆ. ದೊಡ್ಡವರಲ್ಲಿ ಒಮ್ಮೆಗೇ ಕಾಮಾಲೆ ಕಾಣಿಸಿಕೊಂಡರೆ ಮೂಲವನ್ನು ಆರೋಗ್ಯವಂತನಂತೆ ಕಾಣುವ ಮಗುವಿನಲ್ಲೂ ಹುಡುಕಬೇಕಾಗುತ್ತದೆ.

ಆದುದರಿಂದ, ಯಾರಿಗೂ ಕಾಯಿಲೆ ಇಲ್ಲದ ದಿನವೂ ಪಾಲಿಸುವ ಶುಚಿತ್ವವೇ ಮೊದಲ ತಡೆ. ಪ್ರತ್ಯೇಕವಾಗಿ ಇರಿಸುವುದು ಅದಕ್ಕೆ ಪೂರಕ ಮಾತ್ರ.

ಸಾಬೂನು ಮತ್ತು ಇಪ್ಪತ್ತರ ಎಣಿಕೆ

ಅಗ್ಗದ ಉಪಾಯವೇ ಅತ್ಯಂತ ಪರಿಣಾಮಕಾರಿಯಾದ ಉಪಾಯವೂ ಆಗಿರುವ ಸಂದರ್ಭಗಳು ವೈದ್ಯಕೀಯದಲ್ಲಿ ವಿರಳ. ಕೈತೊಳೆಯುವುದು ಅಂಥದ್ದೊಂದು. ಅಮೆರಿಕದ ಜಾರ್ಜಿಯಾ ರಾಜ್ಯದ ಶಿಶುಪಾಲನಾ ಕೇಂದ್ರಗಳಲ್ಲಿ ನಡೆದು 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬ್ಬಂದಿಗೂ ಮಕ್ಕಳಿಗೂ ಕಟ್ಟುನಿಟ್ಟಾಗಿ ಕೈತೊಳೆಯುವ ಕ್ರಮ ರೂಢಿಸಿದ ಕೇಂದ್ರಗಳಲ್ಲಿ ಭೇದಿಯ ಪ್ರಕರಣಗಳು ಉಳಿದವುಗಳ ಅರ್ಧದಷ್ಟಕ್ಕೆ ಇಳಿದವು. ನಮ್ಮ ಪರಿಸರಕ್ಕೆ ಹೆಚ್ಚು ಹತ್ತಿರವಾದುದು ಕರಾಚಿಯ ಕೊಳೆಗೇರಿಗಳಲ್ಲಿ ನಡೆದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ. ಸಾಬೂನು ಕೊಟ್ಟು, ಕೈತೊಳೆಯುವಂತೆ ಮನೆಮನೆಗೆ ಹೋಗಿ ಉತ್ತೇಜಿಸಿದ ಬಳಿಕ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಶೇ 50ರಷ್ಟು, ಹದಿನೈದು ವರ್ಷದೊಳಗಿನವರಲ್ಲಿ ಭೇದಿ ಶೇ 53ರಷ್ಟು ಕಡಿಮೆಯಾಯಿತು. ಕೈತೊಳೆದರೆ ಹೊಟ್ಟೆಯ ಕಾಯಿಲೆ ತಗ್ಗುವುದು ನಿರೀಕ್ಷಿತವೇ; ಶ್ವಾಸಕೋಶದ ಕಾಯಿಲೆಯೂ ಅರ್ಧಕ್ಕೆ ಇಳಿದದ್ದು ಗಮನಾರ್ಹ.

ಕೈ ಒದ್ದೆ ಮಾಡಿ, ಸಾಬೂನು ಹಚ್ಚಿ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ, ಅಂಗೈ ಹಿಂಭಾಗಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಮಕ್ಕಳಿಗೆ ಸೆಕೆಂಡಿನ ಲೆಕ್ಕ ತಿಳಿಯದು; ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿಸಿದರೆ ಕೈಯೂ ಶುಚಿ, ಎಣಿಕೆಯೂ ಬಾಯಿಪಾಠ. ಕೇಂದ್ರಕ್ಕೆ ಬಂದ ಕೂಡಲೇ, ಊಟ ಮತ್ತು ಹಾಲಿಗೆ ಮುನ್ನ, ಶೌಚದ ನಂತರ, ಮೂಗು ಒರೆಸಿಕೊಂಡ ಮೇಲೆ, ಮಣ್ಣಿನಲ್ಲಿ ಆಡಿ ಬಂದಾಗ ಇದು ತಪ್ಪಬಾರದು.

ತೊಡಕಿರುವುದು ವಿಧಾನದಲ್ಲಲ್ಲ, ನೀರಿನಲ್ಲಿ. ಕೊಳಾಯಿ ಇಲ್ಲದ, ಬಾಡಿಗೆ ಕೊಠಡಿಯಲ್ಲಿ ನಡೆಯುವ ಕೇಂದ್ರಗಳಲ್ಲಿ ಒಂದು ಬೋಗುಣಿಯ ನೀರಿನಲ್ಲೇ ಎಲ್ಲ ಮಕ್ಕಳ ಕೈ ಅದ್ದಿಸಿ, ಒಂದೇ ಟವೆಲಿನಿಂದ ಒರೆಸುವುದುಂಟು. ಇದು ತೊಳೆಯದೇ ಇರುವುದಕ್ಕಿಂತ ಹೆಚ್ಚು ಸುರಕ್ಷಿತವೇನಲ್ಲ. ಮೊದಲ ಮಗುವಿನ ಕೊಳೆ ಕೊನೆಯ ಮಗುವಿನ ಕೈಗೆ ಸೇರುತ್ತದೆ. ತಂಬಿಗೆಯಿಂದ ನೀರು ಸುರಿದು ತೊಳೆಸಬಹುದು, ಇಲ್ಲವೇ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ತೂತು ಕೊರೆದು, ಕೋಲಿಗೆ ನೇತುಹಾಕಿ, ಹಗ್ಗಕ್ಕೆ ಕಟ್ಟಿದ ಕಡ್ಡಿಯನ್ನು ಕಾಲಿನಿಂದ ಒತ್ತಿದಾಗ ಬಾಗುವಂತೆ ಮಾಡಿಕೊಳ್ಳಬಹುದು. ಅಲ್ಪ ನೀರಿನಲ್ಲೇ ಒಂದು ಜೊತೆ ಕೈ ಶುಚಿಯಾಗುತ್ತದೆ. ನಲ್ಲಿಯನ್ನು ಮುಟ್ಟುವ ಗೋಜೂ ಇಲ್ಲ. ಒರೆಸಲು ಪ್ರತಿ ಮಗುವಿಗೂ ಹೆಸರು ಬರೆದ ಬೇರೆ ಬೇರೆ ಕರವಸ್ತ್ರವಿರಲಿ. ಅದಾಗದಿದ್ದರೆ ಗಾಳಿಗೆ ಒಣಗಲು ಬಿಡುವುದೇ ಲೇಸು.

ಕೊರೊನಾ ಕಾಲದಲ್ಲಿ ಮನೆಮಾತಾದ ಸ್ಯಾನಿಟೈಸರ್ ಸಾಬೂನಿಗೆ ಬದಲಿಯಲ್ಲ. ಕೊಳೆ ಮೆತ್ತಿದ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡದು. ವಾಂತಿಭೇದಿಗೆ ಕಾರಣವಾಗುವ ನೋರೊ ವೈರಾಣುವಿನ ಮೇಲೆ ಅದರ ಪ್ರಭಾವ ಕಡಿಮೆ. ಸಿಹಿ ವಾಸನೆಯ ಆ ಸೀಸೆಯನ್ನು ಮಗು ಕುಡಿದುಬಿಡುವ ಅಪಾಯವೂ ಇರುವುದರಿಂದ ಅದು ಎತ್ತರದ ಕಪಾಟಿನಲ್ಲೇ ಇರಬೇಕು.

ಒಬ್ಬಳೇ ಸಹಾಯಕಿ, ಎರಡು ಕೆಲಸ

ಸೋಂಕು ತಡೆಯ ಕೈಪಿಡಿಗಳೆಲ್ಲ ಒಕ್ಕೊರಲಿನಿಂದ ಹೇಳುವ ನಿಯಮವೊಂದಿದೆ: ಮಕ್ಕಳ ಶೌಚ ನೋಡಿಕೊಳ್ಳುವವರು ಅಡುಗೆಗೆ ಕೈಹಾಕಬಾರದು. ಅಂಗನವಾಡಿಯಲ್ಲಿ ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವವಳು, ಕಸ ಗುಡಿಸುವವಳು, ಸಾರು ಕುದಿಸುವವಳು, ಮೊಟ್ಟೆ ಸುಲಿಯುವವಳು, ಚಡ್ಡಿಯಲ್ಲೇ ಮಲ ಮಾಡಿಕೊಂಡ ಮಗುವನ್ನು ತೊಳೆಯುವವಳು, ಎಲ್ಲವೂ ಆ ಒಬ್ಬ ಸಹಾಯಕಿಯೇ. ಇಂಥಲ್ಲಿ ನಿಯಮವನ್ನು ಗೋಡೆಗೆ ಅಂಟಿಸಿ ಪ್ರಯೋಜನವಿಲ್ಲ. ಬದಲಿಗೆ ಊಟ ಬಡಿಸುವ ಹೊತ್ತಿನಲ್ಲಿ ಮಗುವಿಗೆ ಶೌಚವಾದರೆ ಅದನ್ನು ಕಾರ್ಯಕರ್ತೆ ನೋಡಿಕೊಳ್ಳುವುದು, ಸಹಾಯಕಿಯೇ ತೊಳೆಯಬೇಕಾಗಿ ಬಂದಲ್ಲಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು ಸೀರೆಯ ಮೇಲೆ ಕಟ್ಟಿದ ಏಪ್ರನ್ ಬದಲಿಸುವುದು, ಅಡುಗೆಯ ಬಕೆಟ್ಟು-ಚೊಂಬುಗಳನ್ನು ಶೌಚದವುಗಳಿಂದ ಬಣ್ಣದಲ್ಲೇ ಬೇರೆ ಮಾಡಿಡುವುದು ಕಾರ್ಯಸಾಧ್ಯ.

ಲಂಗೋಟಿ ಅಥವಾ ಡಯಾಪರ್ ಬದಲಿಸುವ ಜಾಗ ಅಡುಗೆ ಮತ್ತು ಊಟದ ಜಾಗದಿಂದ ದೂರವಿರಬೇಕು. ಕೆಳಗೆ ತೊಳೆಯಬಹುದಾದ ರೆಕ್ಸಿನ್ ಹಾಸು, ಅದರ ಮೇಲೆ ಪ್ರತಿಬಾರಿ ಬೇರೆ ಬಟ್ಟೆ ಅಥವಾ ಕಾಗದ. ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಕೊಳೆಯಾದ ಬಟ್ಟೆಯನ್ನು ಕೇಂದ್ರದಲ್ಲೇ ಜಾಲಿಸುವ ಬದಲು ಚೀಲದಲ್ಲಿ ಕಟ್ಟಿ ಮನೆಗೆ ಕಳುಹಿಸುವುದು ಉತ್ತಮ; ಜಾಲಿಸುವಾಗ ಸಿಡಿಯುವ ಹನಿಗಳೇ ಸೋಂಕಿನ ಮೂಲವಾಗುತ್ತವೆ. ಬದಲಿಸಿದವರ ಕೈಯನ್ನಷ್ಟೇ ಅಲ್ಲ, ಮಗುವಿನ ಕೈಯನ್ನೂ ತೊಳೆಯಬೇಕೆಂಬುದು ಹೆಚ್ಚಿನವರಿಗೆ ಮರೆತುಹೋಗುತ್ತದೆ.

ಕುಡಿಯುವ ನೀರನ್ನು ಕುದಿಸಿ, ಮುಚ್ಚಳವಿರುವ, ನಲ್ಲಿ ಜೋಡಿಸಿದ ಪಾತ್ರೆಯಲ್ಲಿಡಬೇಕು. ಬಿಂದಿಗೆಯಾದರೆ ಉದ್ದ ಹಿಡಿಯ ಸೌಟು ಅಗತ್ಯ. ಲೋಟವನ್ನೇ ಮುಳುಗಿಸಿದರೆ ಮುಳುಗಿದ ಬೆರಳಿನ ಕೊಳೆ ಇಡೀ ಬಿಂದಿಗೆಗೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿಯನ್ನು ಕುದಿದಾರಿದ ನೀರಿನಲ್ಲೇ ಕದಡಿ, ಆಗಿಂದಾಗ ಕುಡಿಸಿಬಿಡಬೇಕು. ಬೇಯಿಸಿದ ಅನ್ನ ಎರಡು ಗಂಟೆಗೂ ಮೀರಿ ಬೆಚ್ಚಗೆ ಕುಳಿತರೆ ಬೇಯುವಿಕೆಯಲ್ಲೂ ಸಾಯದ ಬೀಜಾಣುಗಳು ಮೊಳೆತು ವಿಷ ಕಾರುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು.

ಆಟಿಕೆ, ನೆಲ, ಬ್ಲೀಚಿಂಗ್ ಪೌಡರ್

ಬಾಯಿಗೆ ಹೋದ ಆಟಿಕೆಗಳಿಗಾಗಿಯೇ ಒಂದು ಬುಟ್ಟಿ ಮೀಸಲಿಟ್ಟು, ಮಗು ಕೆಳಗಿಟ್ಟೊಡನೆ ಅದನ್ನು ಬುಟ್ಟಿಗೆ ಹಾಕಿ, ಸಂಜೆ ಒಟ್ಟಾಗಿ ತೊಳೆದು ಬಿಸಿಲಿಗಿಡುವುದು ಸುಲಭದ ಕ್ರಮ. ಪ್ಲಾಸ್ಟಿಕ್ಕಿನವು ಸಾಬೂನು ನೀರಿನಲ್ಲಿ ಮುಳುಗುತ್ತವೆ. ಚನ್ನಪಟ್ಟಣದ ಮರದ ಬೊಂಬೆಗಳನ್ನು ನೆನೆಹಾಕಿದರೆ ಮರ ಉಬ್ಬಿ ಅರಗಿನ ಬಣ್ಣ ಬಿರುಕುಬಿಡುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ತೊಳೆಯಲಾಗದ ತುಪ್ಪಳದ ಗೊಂಬೆಗಳನ್ನು ಎರಡು ವರ್ಷದೊಳಗಿನ ಮಕ್ಕಳ ಕೈಗೆ ಕೊಡದಿರುವುದೇ ವಾಸಿ.

ನೆಲವನ್ನು ದಿನವೂ ಸಾಬೂನು ನೀರಿನಿಂದ ಒರೆಸಿದರೆ ಸಾಕು. ವಾಂತಿ, ಮಲ ಬಿದ್ದಲ್ಲಿ ಮಾತ್ರ ಕ್ಲೋರಿನ್ ಬೇಕು. ಮೊದಲು ಕೊಳೆಯನ್ನು ಕಾಗದದಿಂದ ಬಳಿದು ತೆಗೆದು, ಸಾಬೂನಿನಲ್ಲಿ ತೊಳೆದು, ಆಮೇಲೆ ಶೇ 0.1ರ ಕ್ಲೋರಿನ್ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಬೇಕು. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಕೊಳೆಯೊಡನೆಯೇ ವ್ಯಯವಾಗಿಬಿಡುತ್ತದೆ. ಶೇ 33ರಷ್ಟು ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರಾದರೆ ಲೀಟರ್ ನೀರಿಗೆ ಸುಮಾರು 3 ಗ್ರಾಂ, ಶೇ 5ರ ಹೈಪೋಕ್ಲೋರೈಟ್ ದ್ರಾವಣವಾದರೆ ಲೀಟರಿಗೆ 20 ಮಿಲಿಲೀಟರ್ ಸಾಕಾಗುತ್ತದೆ. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕೆಲವೇ ವಾರಗಳಲ್ಲಿ ಸತ್ವವಿರದು, ವಾಸನೆ ಮಾತ್ರ ಉಳಿದಿರುತ್ತದೆ. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಎಂದೂ ಬೆರೆಸಕೂಡದು. ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೊಠಡಿಯಲ್ಲಿ ಪ್ರಾಣಾಪಾಯಕಾರಿ.

ಗಾಳಿಯಿಂದ ಬರುವ ರೋಗಗಳಿಗೆ ಒರೆಸುವ ಬಟ್ಟೆ ಉತ್ತರವಲ್ಲ. ದಡಾರದ ರೋಗಿ ಎದ್ದುಹೋದ ಕೊಠಡಿಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಸಕ್ರಿಯವಾಗಿರಬಲ್ಲದು. ಮಳೆಯ ಚಳಿಗೆಂದು ಕಿಟಕಿಗಳನ್ನೆಲ್ಲ ಮುಚ್ಚುವ ರೂಢಿ ಇಲ್ಲಿ ಹಾನಿಕರ. ಎದುರುಬದುರು ಕಿಟಕಿಗಳನ್ನು ತೆರೆದಿಡುವುದು, ಬಿಸಿಲಿದ್ದಾಗ ಜಗಲಿಯಲ್ಲಿ, ಮರದಡಿಯಲ್ಲಿ ಪಾಠ-ಆಟ ನಡೆಸುವುದು ಒಳ್ಳೆಯದು. ಮಧ್ಯಾಹ್ನ ಮಲಗಿಸುವಾಗ ಚಾಪೆಗಳ ನಡುವೆ ಮೂರಡಿ ಅಂತರವಿರಲಿ. ಜಾಗ ಸಾಲದಿದ್ದರೆ ಒಂದು ಮಗುವಿನ ತಲೆಯ ಪಕ್ಕ ಇನ್ನೊಂದರ ಕಾಲು ಬರುವಂತೆ ಅದಲುಬದಲಾಗಿ ಮಲಗಿಸಿದರೆ ಉಸಿರು ನೇರ ತಾಗದು.

ತಾಯಿ ಕಾರ್ಡ್ ನೋಡುವ ಕೆಲಸ

ಮಗುವನ್ನು ದಾಖಲಿಸಿಕೊಳ್ಳುವ ದಿನ ಕಾರ್ಯಕರ್ತೆ ಕೇಳಬೇಕಾದ ಮೊದಲ ಕಾಗದ ತಾಯಿ ಕಾರ್ಡ್. ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ. 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್, ರೋಟಾ ಮತ್ತು ಪೋಲಿಯೊ. 9 ತಿಂಗಳು ತುಂಬಿದ ಮೇಲೆ ಹಾಗೂ 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾ ಲಸಿಕೆಗಳು ಸರ್ಕಾರದಿಂದ ಉಚಿತವಾಗಿ ದೊರೆಯುತ್ತವೆ. ನ್ಯುಮೋನಿಯಾ ತಡೆಯ ನ್ಯೂಮೋಕಾಕಲ್ ಲಸಿಕೆ 2021ರಲ್ಲಿ ದೇಶಾದ್ಯಂತ ವಿಸ್ತರಿಸಿತು. ರೋಟಾ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ ಬಳಿಕ ಉಳಿದೆಡೆಗೆ ಬಂತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಬಲವರ್ಧಕ ಚುಚ್ಚುಮದ್ದು ಒಂದೂವರೆ ವರ್ಷದ ಸುಮಾರಿಗೆ ಒಮ್ಮೆ, 5-6 ವರ್ಷಕ್ಕೆ ಮತ್ತೊಮ್ಮೆ ಬೇಕು. ಈ ಎರಡನೆಯದನ್ನು ಹಲವರು ಮರೆಯುತ್ತಾರೆ. ಮಗು ಅಂಗನವಾಡಿ ಬಿಟ್ಟು ಒಂದನೇ ತರಗತಿಗೆ ಹೊರಡುವ ವಯಸ್ಸು ಅದು.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲ ಹಂತದಲ್ಲಿ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪ್ರತಿರೋಧವಿಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಮಂದಿಗೆ ರೋಗ ದಾಟಿಸಬಲ್ಲ. ಹೀಗಾಗಿ ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗದಿದ್ದರೆ ಸರಪಳಿ ತುಂಡಾಗದು. ಒಂಬತ್ತು ತಿಂಗಳು ತುಂಬದ ಕೂಸುಗಳಿರುವ ಕೇಂದ್ರಗಳಲ್ಲಿ ಈ ಲೆಕ್ಕಕ್ಕೆ ವಿಶೇಷ ಅರ್ಥವಿದೆ. ಆ ಕೂಸುಗಳಿಗೆ ಲಸಿಕೆ ಕೊಡುವ ವಯಸ್ಸೇ ಬಂದಿರುವುದಿಲ್ಲ. ಸುತ್ತಲಿನ ಮಕ್ಕಳ ಲಸಿಕೆಯೇ ಅವುಗಳ ಕೋಟೆ.

ಗರ್ಭಿಣಿಯರ ವಿಷಯವೂ ಇಲ್ಲಿ ಸೇರುತ್ತದೆ. 2017ರಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ ಬಸುರಿಯರೂ ಬಾಣಂತಿಯರೂ ಮಧ್ಯಾಹ್ನದ ಊಟಕ್ಕೆ ಮಕ್ಕಳಿರುವ ಅದೇ ಅಂಗನವಾಡಿಗೆ ಬರುವ ಏರ್ಪಾಡಾಯಿತು. ಮಗುವಿಗೆ ಎರಡು ದಿನದ ಜ್ವರ, ಸಣ್ಣ ಗಂಧೆಯಾಗಿ ಮುಗಿಯುವ ರುಬೆಲ್ಲಾ, ಮೊದಲ ತಿಂಗಳುಗಳ ಬಸುರಿಗೆ ತಗುಲಿದರೆ ಹುಟ್ಟುವ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಕುತ್ತು. ಸೀತಾಳ ಸಿಡುಬೂ ಗರ್ಭಿಣಿಯಲ್ಲಿ ಉಗ್ರರೂಪ ತಾಳಬಲ್ಲದು. ಕೇಂದ್ರದಲ್ಲಿ ಗಂಧೆ, ಗುಳ್ಳೆ ಕಂಡುಬಂದ ದಿನವೇ ಗರ್ಭಿಣಿಯರಿಗೆ ತಿಳಿಸಿ, ಊಟವನ್ನು ಮನೆಗೇ ಒಯ್ಯಲು ಹೇಳಿ, ವೈದ್ಯರನ್ನು ಕಾಣಲು ಸೂಚಿಸಬೇಕು.

ಯಾವ ಮಗು ಮನೆಯಲ್ಲಿರಬೇಕು?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದೇ. ದಿನಗೂಲಿಯ ತಾಯಿಗೆ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳುವುದೆಂದರೆ ಆ ದಿನದ ಕೂಲಿ ಬಿಡುವುದು. ಕಾರ್ಖಾನೆಯಲ್ಲಿ ದುಡಿಯುವವಳಿಗೆ ವೇತನ ಕಡಿತ. ಅಂಗನವಾಡಿಯ ಮಗುವಿಗೆ ಅಂದಿನ ಹಾಲು, ಬಿಸಿಯೂಟ ತಪ್ಪುತ್ತದೆ, ಅದೂ ಕಾಯಿಲೆಯಿಂದ ಸೊರಗಿ ಪೋಷಣೆ ಹೆಚ್ಚು ಬೇಕಾದಾಗ. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಜ್ವರ ಇಳಿದ ಮಗುವನ್ನು ಬಿಟ್ಟುಹೋಗುವ ತಾಯಿಯನ್ನು ಬೇಜವಾಬ್ದಾರಿಯವಳೆಂದು ಜರೆಯುವುದು ಸುಲಭ. ಮಧ್ಯಾಹ್ನಕ್ಕೆ ಔಷಧದ ಪ್ರಭಾವ ಇಳಿದು ಮಗು ಕೆಂಡವಾಗುತ್ತದೆ, ಅಷ್ಟರಲ್ಲಿ ಸೋಂಕು ಹಂಚಿಯಾಗಿರುತ್ತದೆ ಎಂಬುದೂ ನಿಜ. ಅನಗತ್ಯವಾಗಿ ಮಕ್ಕಳನ್ನು ಹಿಂದೆ ಕಳುಹಿಸುವ ಕೇಂದ್ರಗಳೇ ಪೋಷಕರನ್ನು ಕಾಯಿಲೆ ಬಚ್ಚಿಡುವಂತೆ ಮಾಡುತ್ತವೆ. ನಿಯಮಗಳು ಕಡಿಮೆಯಿದ್ದು, ಸಕಾರಣವಾಗಿದ್ದು, ದಾಖಲಾತಿಯ ದಿನವೇ ತಿಳಿಸಿದ್ದರೆ ಮಾತ್ರ ಪಾಲನೆಯಾಗುತ್ತವೆ.

ಬರೀ ನೆಗಡಿ, ಜ್ವರವಿಲ್ಲದ ಸಣ್ಣ ಕೆಮ್ಮು, ಆಟಕ್ಕೆ ಅಡ್ಡಿಯಾಗದ ಮೂಗು ಸೋರಿಕೆಗೆ ಮಗುವನ್ನು ಮನೆಗಟ್ಟಬೇಕಿಲ್ಲ. ಹಸಿರು ಸಿಂಬಳ ಕಂಡೊಡನೆ ಆಂಟಿಬಯಾಟಿಕ್ ಕೇಳುವ ಅಭ್ಯಾಸವೂ ಸಲ್ಲದು. ನೆಗಡಿ ವೈರಾಣುವಿನದು, ಆ ಔಷಧಕ್ಕೆ ಬಗ್ಗುವುದಲ್ಲ. ಹೇನಿಗಾಗಿ ಮಗುವನ್ನು ಹೊರಗಿಡುವುದು ಅವಮಾನವೇ ಹೊರತು ತಡೆಯಲ್ಲ. ಸಂಜೆ ತಾಯಿಗೆ ತಿಳಿಸಿ, ಔಷಧ ಹಚ್ಚಿಸಿ ಮರುದಿನ ಕರೆತಂದರಾಯಿತು. ತುರಿಕಜ್ಜಿಯಾದರೆ ಪರ್ಮೆಥ್ರಿನ್ ಮುಲಾಮನ್ನು ಮನೆಯವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಒಬ್ಬರಿಗೆ ಮಾತ್ರ ಹಚ್ಚಿದರೆ ವಾರದಲ್ಲಿ ಮರಳುತ್ತದೆ. ಮೊದಲ ಬಾರಿ ಹಚ್ಚಿದ ಮರುದಿನ ಮಗು ಬರಬಹುದು.

ಜ್ವರವಿದ್ದರೆ, ಔಷಧವಿಲ್ಲದೆಯೇ 24 ಗಂಟೆ ಜ್ವರ ಬಾರದಿರುವವರೆಗೆ ಮನೆ. ವಾಂತಿಭೇದಿ ನಿಂತ ಮೇಲೆ ಎರಡು ದಿನ. ದಡಾರವಾದರೆ ಗಂಧೆ ಎದ್ದ ದಿನದಿಂದ ನಾಲ್ಕು ದಿನ; ಮಂಗನಬಾವು ಬಾತ ಮೇಲೆ ಐದು ದಿನ; ಕಾಮಾಲೆ ಕಂಡ ಮೇಲೆ ಒಂದು ವಾರ. ನಾಯಿಕೆಮ್ಮಿಗೆ ಸೂಕ್ತ ಆಂಟಿಬಯಾಟಿಕ್ ಐದು ದಿನ ಮುಗಿಯುವವರೆಗೆ. ಗಂಟಲುಮಾರಿಯ ಶಂಕೆ ಬಂದರೆ ದಿನ ಎಣಿಸುತ್ತ ಕೂರುವಂತಿಲ್ಲ, ತಕ್ಷಣ ಆಸ್ಪತ್ರೆ.

ಸೀತಾಳ ಸಿಡುಬಿನ ಮಗು ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಮನೆಯಲ್ಲಿರಬೇಕು. ಸಾಮಾನ್ಯವಾಗಿ ಐದರಿಂದ ಏಳು ದಿನ. ಹಳ್ಳಿಗಳಲ್ಲಿ ಇಂಥ ಗುಳ್ಳೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುವುದು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ಹೊರಗಿನವರು ಒಳಬರದಿರುವುದು ಹಳೆಯ ವಾಡಿಕೆ. ನಂಬಿಕೆ ಏನೇ ಇರಲಿ, ಬೇವಿನ ಸೊಪ್ಪು ಕಂಡ ಮನೆಗೆ ಕಾಲಿಡದಿದ್ದುದು ರೋಗಿಯನ್ನು ಪ್ರತ್ಯೇಕಿಸಿದಂತೆಯೇ ಆಗುತ್ತಿತ್ತು. ಆದರೆ ಅಮ್ಮನೆಂದು ಔಷಧವನ್ನೇ ಕೊಡದಿರುವುದು, ದಡಾರದ ಮಗುವಿನ ಉಸಿರು ಏರಿದರೂ ಆಸ್ಪತ್ರೆಗೆ ಒಯ್ಯದಿರುವುದು ಅಪಾಯ. ಸೀತಾಳ ಸಿಡುಬಿನ ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಕೂಡದು. ಮಿದುಳು ಮತ್ತು ಯಕೃತ್ತಿಗೆ ಮಾರಕವಾದ ರೇ ಸಿಂಡ್ರೋಮ್ ತಲೆದೋರಬಹುದು.

‘ಟೊಮ್ಯಾಟೊ ಜ್ವರ’ದ ಪಾಠ

2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟ ಮಕ್ಕಳಲ್ಲಿ ಕೆಂಪು ಗುಳ್ಳೆಗಳ ಜ್ವರ ಕಾಣಿಸಿಕೊಂಡು ‘ಟೊಮ್ಯಾಟೊ ಜ್ವರ’ವೆಂಬ ಹೆಸರು ಎಲ್ಲೆಡೆ ಹಬ್ಬಿತು. ಹೊಸ ರೋಗವೆಂಬ ಭೀತಿ ಗಡಿಯಾಚೆಗೂ ದಾಟಿತು. ಕೇರಳದಿಂದ ಬ್ರಿಟನ್ನಿಗೆ ಮರಳಿದ ಇಬ್ಬರು ಮಕ್ಕಳ ಮಾದರಿಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕಾಕ್ಸಾಕಿ ಎ16 ವೈರಾಣು. ಅಂದರೆ ಕೈ-ಕಾಲು-ಬಾಯಿ ರೋಗ. ಈ ರೋಗ ಕೇರಳದ ಕೋಯಿಕ್ಕೋಡಿನಲ್ಲಿ 2003ರಷ್ಟು ಹಿಂದೆಯೇ ವರದಿಯಾಗಿತ್ತು. ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆಗಳು, ಒಂದೆರಡು ದಿನ ಜ್ವರ, ನುಂಗಲು ನೋವು. ವಾರ-ಹತ್ತು ದಿನಗಳಲ್ಲಿ ತಾನಾಗಿಯೇ ಗುಣ. ಆದರೆ ವೈರಾಣು ಮಲದಲ್ಲಿ ವಾರಗಟ್ಟಲೆ ಹೊರಬರುತ್ತಿರುತ್ತದೆ. ಅಷ್ಟು ದಿನ ಮಗುವನ್ನು ಮನೆಯಲ್ಲಿ ಕೂಡಿಹಾಕುವುದು ಅಸಾಧ್ಯವಾದ್ದರಿಂದ, ಜ್ವರ ಬಿಟ್ಟು ಗುಳ್ಳೆಗಳು ಒಣಗಿದ ಮೇಲೆ ಕರೆಸಿಕೊಂಡು, ಶೌಚದ ಶುಚಿತ್ವವನ್ನು ಬಿಗಿಗೊಳಿಸುವುದೇ ಉಳಿದ ದಾರಿ. ಈ ವೈರಾಣುವಿಗೂ ಸ್ಯಾನಿಟೈಸರಿಗಿಂತ ಸಾಬೂನೇ ಮೇಲು.

ಕೇಂದ್ರ ಮುಚ್ಚಬೇಕೇ?

ಎರಡು-ಮೂರು ಮಕ್ಕಳಿಗೆ ಒಂದೇ ಬಗೆಯ ರೋಗ ಕಂಡೊಡನೆ ಬಾಗಿಲು ಹಾಕುವಂತೆ ಒತ್ತಡ ಬರುತ್ತದೆ. ಮುಚ್ಚಿದ ಕೇಂದ್ರದ ಮಕ್ಕಳು ನೆರೆಮನೆಗಳಲ್ಲಿ, ಹೊಲಗಳ ಬದುಗಳಲ್ಲಿ ಮತ್ತೆ ಗುಂಪುಗೂಡುತ್ತಾರೆ. ಸೋಂಕು ನಿಗಾ ತಪ್ಪಿ ಹರಡುತ್ತದೆ. ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಅಂಗನವಾಡಿಗಳು ಮಕ್ಕಳಿಗಾಗಿ ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಆಹಾರ ಪದಾರ್ಥಗಳನ್ನು ಮನೆಗೆ ತಲುಪಿಸಿದರೂ ಮಗುವಿನ ಎದುರು ಕುಳಿತು ಉಣ್ಣಿಸುವ, ತೂಕ ನೋಡುವ ಕೆಲಸಗಳಿಗೆ ಅದು ಸಾಟಿಯಾಗಲಿಲ್ಲ. ಮುಚ್ಚುವ ತೀರ್ಮಾನವನ್ನು ಆರೋಗ್ಯ ಇಲಾಖೆಗೆ ಬಿಡುವುದೇ ಸರಿ.

ಕಾರ್ಯಕರ್ತೆ ಮಾಡಬಹುದಾದದ್ದು ಬೇರೆ ಇದೆ. ಹಾಜರಿ ಪುಸ್ತಕದ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು, ಬಾರದ ಮಗುವಿನ ಹೆಸರಿನ ಮುಂದೆ ಕಾರಣ ಬರೆಯುವುದು: ಜ್ವರ, ಭೇದಿ, ಗುಳ್ಳೆ, ಕೆಂಗಣ್ಣು. ಒಂದೇ ಕಾರಣ ಒಂದೇ ವಾರದಲ್ಲಿ ಎರಡು-ಮೂರು ಬಾರಿ ಬಂದರೆ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದೇ ದಿನ ತಿಳಿಸುವುದು. ಜ್ವರದೊಡನೆ ಗಂಧೆ ಎದ್ದ ಮಗುವಾದರೆ ಒಂದೇ ಪ್ರಕರಣಕ್ಕೂ ತಿಳಿಸಬೇಕು, ಏಕೆಂದರೆ ದಡಾರದ ಶಂಕೆಯ ಪ್ರತಿ ಮಗುವಿನ ರಕ್ತ ಪರೀಕ್ಷೆಯಾಗಬೇಕಾಗುತ್ತದೆ. ಪೋಷಕರಿಗೆ ಸೂಚನೆ ಕೊಡುವಾಗ ರೋಗದ ಹೆಸರು, ಲಕ್ಷಣ, ಮುಂದಿನ ಎಷ್ಟು ದಿನ ಗಮನಿಸಬೇಕೆಂಬುದು ಇರಲಿ. ಸೀತಾಳ ಸಿಡುಬಾದರೆ ಸಂಪರ್ಕದಿಂದ 10ರಿಂದ 21 ದಿನ, ಕಾಮಾಲೆಯಾದರೆ 15ರಿಂದ 50 ದಿನ. ಮಗುವಿನ ಹೆಸರು ಮಾತ್ರ ಬೇಡ. ಚಿಕ್ಕ ಊರಿನಲ್ಲಿ ಅದು ಹೇಗೂ ತಿಳಿಯುತ್ತದೆ, ಆದರೂ ಕೇಂದ್ರದ ಬಾಯಿಂದ ಬರಬಾರದು.

ಸಿಬ್ಬಂದಿಯ ಆರೋಗ್ಯವನ್ನು ಕೇಳುವವರು ಕಡಿಮೆ. ಎರಡು ವಾರಕ್ಕೂ ಮೀರಿ ಕೆಮ್ಮುತ್ತಿರುವ ಕಾರ್ಯಕರ್ತೆಗೆ ಕಫ ಪರೀಕ್ಷೆಯಾಗಲೇಬೇಕು. ದೊಡ್ಡವರ ಕ್ಷಯ ಐದು ವರ್ಷದೊಳಗಿನ ಮಗುವಿಗೆ ದಾಟಿದರೆ ಮಿದುಳು ಪೊರೆಯವರೆಗೂ ಹೋಗಬಹುದು. ವಾಂತಿಭೇದಿಯಿರುವ ಸಹಾಯಕಿ ಅಡುಗೆಗೆ ನಿಲ್ಲಬಾರದು. ಅದಕ್ಕಾಗಿ ಅವಳ ಗೌರವಧನ ಕಡಿತವೂ ಆಗಬಾರದು. ಆದರೆ ಅವಳು ಹೇಳಿಕೊಳ್ಳುವುದೇ ಇಲ್ಲ.

ಭೇದಿಯಾದ ಮಗುವನ್ನು ತಾಯಿ ಬರುವವರೆಗೆ ಬೇರೆ ಚಾಪೆಯಲ್ಲಿ, ಆದರೆ ಕಣ್ಣೆದುರಲ್ಲೇ ಇರಿಸಿಕೊಂಡು ಓಆರ್‌ಎಸ್ ಕುಡಿಸಲಾರಂಭಿಸಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಲೋಟಕ್ಕೆ ಚಿಟಿಕೆಯಂತೆ ಹಾಕಿದರೆ ಲವಣದ ಪ್ರಮಾಣ ತಪ್ಪುತ್ತದೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಮುಂದುವರಿಸುವುದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆ, ಭೇದಿ ನಿಂತರೂ 14 ದಿನ. ಕಣ್ಣು ಗುಳಿಬಿದ್ದು, ಮಂಕಾಗಿ, ಕುಡಿಯಲೂ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ ತಾಯಿಗಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು. ಕಲಸಿದ ದ್ರಾವಣ 24 ಗಂಟೆಯೊಳಗೆ ಮುಗಿಯಬೇಕು. ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಿಕೊಳ್ಳಬೇಕು.